ಅಂಟುವ ಫೋರ್ಕು

ಮತ್ತೆ ಇದೇ ಮುಚ್ಚಳ, ಕಪಾಟಿಗೆ ಕೈ ಹಾಕಿದಾಗಲೆಲ್ಲ ಇದೇ ಅಡ್ಡ ಬರಬೇಕೆ, ಹಳದಿ ಬಟ್ಟೆ ಹೊದ್ದು ಮಹಾರಾಣಿಯ ಹಾಗೆ ಕೂತಿದೆ, ಯಾರದೋ ನಟ್ಟು ಬೋಲ್ಟು ತೆಗೆದಿಟ್ಟಿರಬೇಕು, ಸರಿಸು ಆಚೆ, ನನಗೆ ಬೇಕಾಗಿರುವುದು ಬೋಲ್ಟು ಬಿಚ್ಚುವ ಐದರ ಅಲೆನ್ ಕೀ, ನಾಲ್ಕಿದೆ, ಆರಿದೆ, ಐದು ಮಾತ್ರ ಮಾಯ, ನಾಲ್ಕು ಗಂಟೆಗೆ ಡ್ರಾಯಿಂಗ್ ಮೇಷ್ಟ್ರು ಕೊಂಡ ಸೈಕಲ್ ಒಯ್ಯಲು ಬರುತ್ತಾರೆ, ಈಗಾಗಲೇ ಮೂರೂಕಾಲು, ಮಗಳ ಸೈಕಲ್ಲು ಮುಂದಿನ ಚಕ್ರ ಕಳಚಿಕೊಂಡು ಸ್ಟ್ಯಾಂಡಿನಲ್ಲಿ ನೇತಾಡುತ್ತಿದೆ, ಮಾರಿಬಿಡು ಅಮ್ಮ, ನಂಗಿನ್ನು ಸೈಕಲ್ ಬೇಡ, ಅಷ್ಟೇ ಹೇಳಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು, ಏಳನೇ ವಯಸ್ಸಿನಿಂದ ಗುಡ್ಡ ಹತ್ತಿ ಇಳಿದವಳು, ಮೊಣಕಾಲಿನಲ್ಲಿ ಚರ್ಮಕ್ಕಿಂತ ಗಾಯದ ಕಲೆಯೇ ಹೆಚ್ಚಿರುವವಳು, ಒಂದು ರೇಸು ಕೈಕೊಟ್ಟಿದ್ದಕ್ಕೆ ಎಲ್ಲ ಬಿಡುವುದೆಂದರೆ ಏನು, ಅಪ್ಪನ ಹಟ ಹಾಗೇ ಬಂದಿದೆ — ಅವರೋ, ಅವಳ ಇಷ್ಟ ಬಿಡು ಎಂದು ಪೇಪರ್ ಮಡಚಿ ಎದ್ದುಹೋದರು — ಓ, ಕೀ ಇಲ್ಲಿದೆ, ನನ್ನ ಏಪ್ರನ್ನಿನ ಜೇಬಿನಲ್ಲೇ, ಸರಿ ಹೋಯಿತು, ಕನ್ನಡಕ ಹಣೆ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ವಯಸ್ಸು ಬಂತು ಡಾಕ್ಟ್ರಮ್ಮನಿಗೆ.

ಡಾಕ್ಟ್ರಮ್ಮ, ಈ ಹೆಸರು ಇಟ್ಟದ್ದು ರೇಸಿನ ಹುಡುಗರು, ಮುಂದಿನ ಚಕ್ರ ಹಿಡಿದು ಪೆಟ್ಟು ನುಂಗೋ ಫೋರ್ಕಿಗೆ ಕಾಯಿಲೆ ಬಂದರೆ ಇಲ್ಲಿಗೇ ಬರಬೇಕು, ಒಮ್ಮೆ ಒತ್ತಿದರೆ ಸಾಕು ಒಳಗೆ ಏನಾಗಿದೆ ಅಂತ ಹೇಳ್ತಾರೆ, ಹೌದು ಹೇಳುತ್ತೇನೆ, ಇಪ್ಪತ್ತೆರಡು ವರ್ಷ ಇದೇ ಕೈ, ಗಾಳಿ ಬಿಡು ಮೊದಲು, ಸ್ಸ್ ಎಂದು ಪೂರ್ತಿ ಹೋಗಲಿ, ಮಾರುವ ಸೈಕಲ್ಲಿಗೆ ಸರ್ವಿಸು ಯಾಕೆ ಎಂದು ಯಾರಾದರೂ ಕೇಳಬಹುದು, ಕೇಳಲಿ, ನನ್ನ ಅಂಗಡಿಯಿಂದ ಫೋರ್ಕು ತೊಳೆಯದೆ, ಎಣ್ಣೆ ಬದಲಿಸದೆ ಒಂದು ಸೈಕಲ್ಲೂ ಹೊರಗೆ ಹೋಗಿಲ್ಲ, ತಳದ ಬೋಲ್ಟು ಮೂರು ಸುತ್ತು ಸಡಿಲಿಸು, ರಬ್ಬರ್ ಸುತ್ತಿಗೆಯಲ್ಲಿ ತಟ್ಟು, ಬಿಡುವುದಿಲ್ಲ ಇದು, ಇನ್ನೊಂದು ತಟ್ಟು, ದರಿದ್ರದ್ದು, ಎಲ್ಲವೂ ನನ್ನ ಮೇಲೆ ಹಟಕ್ಕೆ ಬಿದ್ದಿವೆ, ಆ ರೇಸಿನಲ್ಲಿ ಮಗಳು ಹನ್ನೊಂದನೆಯವಳಾಗಿ ಬಂದಳು, ಯಾವಾಗಲೂ ಮೊದಲ ಮೂವರಲ್ಲಿ ಇರುತ್ತಿದ್ದವಳು, ಕಲ್ಲಿನ ಇಳಿಜಾರಿನಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ನಡೆದಳಂತೆ, ನಡೆದಳು, ನನ್ನ ಮಗಳು, ಕೋಚ್ ಎದುರು, ಅಷ್ಟು ಜನರ ಎದುರು ನನ್ನ ಬಾಯಿ ಸುಮ್ಮನಿರಲಿಲ್ಲ, ಅಮ್ಮ ಫೋರ್ಕು ಅಂಟ್ತಿತ್ತು, ಕೈ ಮರಗಟ್ಟಿಹೋಯ್ತು ಎಂದಳು, ಹೆದರಿಕೆ ಇರೋದು ನಿನ್ನ ಕೈಯಲ್ಲಿ, ಫೋರ್ಕಲ್ಲಲ್ಲ, ಅದನ್ನ ನಾನೇ ಸರ್ವಿಸ್ ಮಾಡಿರೋದು ಎಂದೆ, ಆಗ ಅವಳ ಮುಖ, ಅಳಲಿಲ್ಲ, ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ, ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತ ನಿಂತಳು, ಬಿಚ್ಚಿದ ಪಟ್ಟಿಯನ್ನೇ ಮತ್ತೆ ಮತ್ತೆ ಬಿಚ್ಚುತ್ತ, ರೇಸಿನ ಹಿಂದಿನ ದಿನವೂ ಹೇಳಿದ್ದಳು, ಅಮ್ಮ ಒಂದ್ಸಲ ನೋಡು, ಗಿರಾಕಿ ಎದುರಿಗಿದ್ದ, ಅವನ ಕಡೆ ಮುಖ ಮಾಡಿಕೊಂಡೇ ಒಂದು ಕೈಯಲ್ಲಿ ಹ್ಯಾಂಡಲ್ ಒತ್ತಿದೆ, ಚೆನ್ನಾಗೇ ಇದೆ ಹೋಗು ಎಂದೆ — ಬಂತು, ಕೊನೆಗೂ ಸಡಿಲಾಯಿತು, ಫೋರ್ಕಿನ ಕೆಳಗಿನ ಕಾಲು ಜಾರುತ್ತಿದೆ, ಟ್ರೇ ಎಲ್ಲಿ, ಟ್ರೇ ಇಡಲು ಜಾಗವೇ ಇಲ್ಲ, ಮತ್ತೆ ಆ ಮುಚ್ಚಳ, ನಾನೇ ಈಗ ತಾನೇ ಈ ಕಡೆ ಸರಿಸಿದ್ದು, ಇರಲಿ ಮೂಲೆಗೆ.

ಫೋನು ಬಡಿದುಕೊಳ್ಳುತ್ತಿದೆ, ಅಕ್ಕ, ಈಗ ಬೇಡ ಅಕ್ಕ, ನೀನು ಶುರು ಮಾಡಿದರೆ ಮುಕ್ಕಾಲು ಗಂಟೆ, ಹೋದ ತಿಂಗಳು ಅಡುಗೆಮನೆಯ ಕಪಾಟಿಗೆ ಬಿಳಿ ಬಣ್ಣವೋ ಹಸಿರೋ ಎಂದು ನನ್ನ ತಲೆ ತಿಂದಿದ್ದೆ, ಎಣ್ಣೆ ಸುರಿಯುತ್ತಿದೆ, ತಳದಲ್ಲಿದ್ದ ಎಣ್ಣೆ ಹೆಚ್ಚುಕಡಿಮೆ ಹಾಕಿದಷ್ಟೇ ಇದೆ, ಆದರೆ ಮೇಲಿನ ಕೊಳವೆ, ಇದೇನಿದು, ಕನ್ನಡಿಯ ಹಾಗೆ ಹೊಳೆಯಬೇಕಾದದ್ದು ಮಂಕಾಗಿದೆ, ಉಗುರು ಆಡಿಸಿದರೆ ತಡೆಯುತ್ತದೆ, ಒಣಗಿ ಉಜ್ಜಿಹೋಗಿದೆ, ಧೂಳು ತಡೆಯುವ ರಬ್ಬರ್ ಸೀಲಿನ ಒಳಗೆ ಮಣ್ಣು, ಬೆರಳು ಹಾಕಿದರೆ ಕರಕರ, ಯಾವ ಕತ್ತೆ ಮಾಡಿದ ಕೆಲಸ ಇದು, ಸೀಲಿನ ಕೆಳಗೆ ಸ್ಪಂಜಿನಂಥ ಫೋಮ್ ರಿಂಗೇ ಇಲ್ಲ, ಎಡಗಾಲಿನಲ್ಲೂ ಇಲ್ಲ, ಬಲಗಾಲಿನಲ್ಲೂ ಇಲ್ಲ, ಎಣ್ಣೆ ಹಿಡಿದಿಟ್ಟು ಕೊಳವೆಗೆ ಸವರುವುದೇ ಅದು, ಅದಿಲ್ಲದಿದ್ದರೆ ಎಣ್ಣೆ ತಳದಲ್ಲಿ ಕೂತಿರುತ್ತದೆ, ಮೇಲೆ ಒಣಗಿ ಅಂಟುತ್ತದೆ, ಒಂದೊಂದು ಕಲ್ಲಿನ ಪೆಟ್ಟೂ ನೇರ ಕೈಗೆ ಬಡಿಯುತ್ತದೆ, ಕಲಿಯದವನ ಹತ್ತಿರ ಕೊಟ್ಟರೆ ಹೀಗೇ ಆಗುವುದು, ಸಿಕ್ಕರೆ ಕಿವಿ ಹಿಂಡಿ — ಈ ಫೋರ್ಕನ್ನು ನನ್ನ ಬಿಟ್ಟು ಯಾರೂ ಮುಟ್ಟಿಲ್ಲ.

ಇಲ್ಲ, ತಡಿ, ನೆನಪು ಮಾಡಿಕೋ, ನಾನು ಹಾಗೆ ಮಾಡುವವಳಲ್ಲ, ಹೋದ ತಿಂಗಳು ಸರ್ವಿಸ್ ಮಾಡಿದಾಗ ಫೋರ್ಕಿನ ಕಾಲು ಬಿಚ್ಚಿದೆ, ತೊಳೆದೆ, ಸೀಲು ಒರೆಸಿದೆ, ರಿಂಗು ತೆಗೆದು ಹಿಂಡಿ ಕೊಳೆ ಬಿಡಿಸಿದೆ, ಹೊಸ ಎಣ್ಣೆಯಲ್ಲಿ ನೆನೆಹಾಕಿದೆ, ಹತ್ತು ನಿಮಿಷ ಎಣ್ಣೆ ಕುಡಿಯಲಿ, ಆಗ ಅಕ್ಕನ ಫೋನು ಬಂತು, ಬಿಳಿಯೋ ಹಸಿರೋ, ಮಾತು ಮುಗಿದಾಗ ತಲೆಯಲ್ಲಿ ಬರೀ ಕಪಾಟು, ಬಂದವಳೇ ಎಣ್ಣೆ ಅಳೆದು ಹಾಕಿ ಬೋಲ್ಟು ಬಿಗಿದೆ, ಎಷ್ಟು ಚೆನ್ನಾಗಿ ಬಿಗಿದೆ, ನೆನೆಹಾಕಿದ್ದು ಯಾವುದರಲ್ಲಿ, ಕೈಗೆ ಸಿಕ್ಕಿದ ಗ್ರೀಸ್ ಡಬ್ಬಿಯ ಮುಚ್ಚಳದಲ್ಲಿ, ಧೂಳು ಬೀಳದಿರಲಿ ಎಂದು ಮೇಲೊಂದು ಬಟ್ಟೆ ಮುಚ್ಚಿ — ಹಳದಿ ಬಟ್ಟೆ — ಐದು ವಾರ ನಾನೇ ಆಚೆ ಈಚೆ ಸರಿಸಿದೆ, ಬೈದೆ, ಎತ್ತಿ ನೋಡಲಿಲ್ಲ, ಈಗ ಎತ್ತು, ಕೈ ಯಾಕೆ ಹೋಗುತ್ತಿಲ್ಲ, ಎತ್ತು.

ಎರಡು ರಿಂಗು, ಎಳೆ ಮಗುವಿನ ಬಳೆಯಷ್ಟಿವೆ, ಎಣ್ಣೆ ಕುಡಿದು ಮೆತ್ತಗಾಗಿ, ಚೊಕ್ಕಟವಾಗಿ, ಅಯ್ಯೋ ಮಗಳೇ, ನಿನ್ನ ಕೈಗೆ ಏನೂ ಆಗಿರಲಿಲ್ಲ, ನೀನು ಹೇಳಿದ್ದು ನಿಜ, ನಾನು ಅಷ್ಟು ಜನರ ಎದುರು ನಿನ್ನ ಮಾನ ತೆಗೆದೆ, ಹೊರಗೆ ಗೇಟಿನ ಸದ್ದು, ಮೇಷ್ಟ್ರ ಕೆಮ್ಮು, ಇಷ್ಟು ಬೇಗ, ಈಗಲೂ ಆಗುತ್ತದೆ, ರಿಂಗು ಒಳಗೆ ಕೂರಿಸಿ ಬೋಲ್ಟು ಬಿಗಿದು ಕಳಿಸಿದರೆ ಯಾರಿಗೆ ಗೊತ್ತಾಗುತ್ತದೆ, ಡಾಕ್ಟ್ರಮ್ಮ ಡಾಕ್ಟ್ರಮ್ಮನಾಗಿಯೇ ಇರುತ್ತಾಳೆ — ಥೂ, ಇಂಥ ಯೋಚನೆಯೂ ಬಂತಲ್ಲ ನನಗೆ — ಅಮ್ಮ, ಮೇಷ್ಟ್ರು ಬಂದಿದ್ದಾರೆ, ಆಯ್ತಾ, ಮಗಳು ಬಾಗಿಲಲ್ಲಿ ನಿಂತಿದ್ದಾಳೆ, ಹೇಳು, ಬಾಯಿ ಬಿಡು, ರೇಸಿನಲ್ಲಿ ಎಷ್ಟು ಜೋರಾಗಿತ್ತು ನಿನ್ನ ಬಾಯಿ, ಅವಳು ನನ್ನ ಮುಖ ನೋಡುವುದಿಲ್ಲ, ಬಿಚ್ಚಿದ ಫೋರ್ಕು ನೋಡುತ್ತಾಳೆ, ಖಾಲಿ ಸೀಲು ನೋಡುತ್ತಾಳೆ, ಆಮೇಲೆ ನನ್ನ ಕೈಯಲ್ಲಿರುವ ಮುಚ್ಚಳ, ಅದರಲ್ಲಿರುವುದು ಏನೆಂದು ಅವಳಿಗೆ ಹೇಳಬೇಕಾಗಿಲ್ಲ, ಒಂಬತ್ತು ವರ್ಷದವಳಿದ್ದಾಗ ಇದೇ ಮೇಜಿನ ಮುಂದೆ ನಿಲ್ಲಿಸಿ ನಾನೇ ಕಲಿಸಿದ್ದೆ, ಏನು ಮರೆತರೂ ಇದನ್ನ ಮರೀಬಾರ್ದು ಪುಟ್ಟಿ ಎಂದು, ಈಗ ಎರಡು ರಿಂಗು, ಇಲ್ಲೇ ಮುಚ್ಚಳದಲ್ಲಿ, ಎರಡೂ.