ಬುಟ್ಟಿಗೆ ಒಂದೂ ಹಾಕದವಳು

ಆ ಮೊಣಕೈ ಯಾರದು, ತನ್ನದಂತೂ ಅಲ್ಲ, ತನ್ನ ಕೈಗಳೆರಡೂ ಇಳಿಬಿದ್ದಿವೆ, ಹಾಗಾದರೆ ಹೆಗಲಿಗೆ ಒತ್ತಿಕೊಂಡು ಚೂಪಾಗಿ ಕಾಣುವ ಈ ಮೊಣಕೈ—ಹಾಂ, ಡಾರ್ಲೀನ್‌ಳದು, ಇನ್ಯಾರದು, ಡಾರ್ಲೀನ್ ಆಗಲೂ ಫೋಟೋದಲ್ಲಿ ಎರಡಾಳಿನ ಜಾಗ ಹಿಡಿಯುತ್ತಿದ್ದಳು, ತಂಡದ ಹಳೇ ಫೋಟೋದಿಂದ ಆರ್ಲಿಸ್‌ಳನ್ನಷ್ಟೇ ಕತ್ತರಿಸಿ, ದೊಡ್ಡದು ಮಾಡಿ ಶಾಲೆಯ ಒಳಾಂಗಣ ಕ್ರೀಡಾಂಗಣದ ಬಾಗಿಲಿಗೆ ಅಂಟಿಸಿದ್ದಾರೆ, ದೊಡ್ಡದು ಮಾಡಿದ್ದು ಹೆಚ್ಚಾಗಿ ಮುಖದ ಮೇಲೆಲ್ಲ ಜೋಳದ ಹಿಟ್ಟು ಉದುರಿಸಿದ ಹಾಗೆ ಚುಕ್ಕಿ, ಹದಿನೇಳರ ಹುಡುಗಿ, ಹುಬ್ಬು ಗಂಟಿಕ್ಕಿ ಯಾರನ್ನೋ ಪರೀಕ್ಷೆ ಮಾಡುವಂತೆ ನೋಡುತ್ತಿದ್ದಾಳೆ, ಕೆಳಗೆ ಹೆಸರು, ಆರ್ಲಿಸ್ ಸ್ಯಾಂಡ್ವೋಲ್ಡ್ ಟ್ವೆಟ್, ೧೯೭೧, ಪಕ್ಕದಲ್ಲಿರುವ ಮೂವರ ಹೆಸರಿನ ಕೆಳಗೂ ಅಂಕೆಗಳ ಸಾಲು, ಕುಸ್ತಿಯವನಿಗೆ ನೂರಾ ಹನ್ನೊಂದು ಗೆಲುವು, ಓಟದವಳಿಗೆ ನಿಮಿಷ ಸೆಕೆಂಡು, ಫುಟ್‌ಬಾಲ್‌ನವನಿಗೆ ಚೆಂಡು ಹಿಡಿದು ಓಡಿದ ಎಷ್ಟೋ ಸಾವಿರ ಗಜ, ಇವಳಿಗೆ ಒಂದೇ ಮಾತು, ಗಾರ್ಡ್, ಮೂರು ವರ್ಷ, ಅಷ್ಟೇ, ಪಾಪ, ಇದನ್ನೆಲ್ಲ ಅಂಟಿಸಿದ ಶಾಲೆಯ ಡೆರೆಕ್ ಹುಡುಕಿದ್ದಾನೆ, ಅಂಕೆಯೇ ಇಲ್ಲದ ಮೇಲೆ ಎಲ್ಲಿಂದ ತರುತ್ತಾನೆ. ಏನೇ ಅದು, ಬಾಗಿಲಿಗೆ ಅಡ್ಡ ನಿಂತ್ಬಿಟ್ಟೆ, ಜನ ಒಳಗೆ ಹೋಗ್ಬೇಕಲ್ಲ, ಎಂದ ಹಿಂದಿನಿಂದ ಗಂಡ ಆರಿನ್, ಆಮೇಲೆ ತಾನೇ ನಕ್ಕ, ಹೋಗ್ಲಿ ಬಿಡು, ಅಡ್ಡ ನಿಲ್ಲೋದಕ್ಕೇ ತಾನೇ ನಿಂಗೆ ಸನ್ಮಾನ.

ಅಡ್ಡ ನಿಲ್ಲುವುದು, ಹೌದು, ಅಷ್ಟೇ ಮಾಡಿದ್ದು ಅವಳು, ಆಗ ಅಯೋವಾದ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಹಾಗಿತ್ತು, ತಂಡಕ್ಕೆ ಆರು ಜನ, ಮೂವರು ಅಂಗಳದ ಆ ಅರ್ಧದಲ್ಲಿ, ಮೂವರು ಈ ಅರ್ಧದಲ್ಲಿ, ನಡುಗೆರೆಯನ್ನು ಯಾರೂ ದಾಟುವಂತಿಲ್ಲ, ಆಚೆಯವರು ಬುಟ್ಟಿಗೆ ಹಾಕುವವರು, ಈಚೆಯವರು, ಗಾರ್ಡ್‌ಗಳು, ಬರೀ ತಡೆಯುವವರು, ತಡೆಯುವವರಿಗೆ ಎದುರಿನ ಬುಟ್ಟಿ ದೂರದ ಊರಿದ್ದ ಹಾಗೆ, ಕಾಣುತ್ತದೆ, ಹೋಗುವಂತಿಲ್ಲ, ಮೂರು ವರ್ಷದಲ್ಲಿ ಆರ್ಲಿಸ್ ಒಂದೇ ಒಂದು ಸಲವೂ ಬುಟ್ಟಿಗೆ ಚೆಂಡು ಹಾಕಿದವಳಲ್ಲ, ಅಂಥವಳ ಹೆಸರನ್ನು ಶಾಲೆಯ ಹಳೇ ಆಟಗಾರರ ಗೌರವದ ಗೋಡೆಗೆ ಯಾರು ಸೂಚಿಸಿದರು, ಇದೇ, ಇದೇ ಅಕ್ಟೋಬರ್‌ನಿಂದ ತಲೆಯಲ್ಲಿ ಹುಳ ಬಿಟ್ಟ ಹಾಗೆ ಕೊರೆಯುತ್ತಿರುವುದು. ಶಾಲೆಯಿಂದ ಬಂದ ಕಾಗದದಲ್ಲಿ ಬರೆದಿತ್ತು, ಸೂಚಿಸಿದವರು ಸದ್ಯಕ್ಕೆ ತಮ್ಮ ಹೆಸರು ಹೇಳಬಾರದೆಂದು ಕೋರಿದ್ದಾರೆ, ಯಾಕೆ ಹೇಳಬಾರದು, ಹೆಸರು ಮುಚ್ಚಿಡುವವರು ಬೈಗುಳ ಬರೆಯುವವರು ತಾನೇ, ಹೊಗಳುವವನು ಮುಚ್ಚಿಡುತ್ತಾನೆಯೇ. ಮೊದಲು ಆರಿನ್‌ನನ್ನೇ ಹಿಡಿದಿದ್ದಳು, ಅವನು ಟೋಸ್ಟಿಗೆ ಬೆಣ್ಣೆ ಹಚ್ಚುತ್ತ, ನಾನಾ, ಕ್ರಿಸ್ಮಸ್ ಕಾರ್ಡಿಗೆ ಸಹಿ ಹಾಕೋಕೂ ನೀನು ಎರಡ್ಸಲ ಹೇಳ್ಬೇಕು, ಅಂದ, ನಿಜ. ಅರಿಜೋನಾದಲ್ಲಿರುವ ಡಾರ್ಲೀನ್‌ಗೆ ಫೋನು, ಒಂದೇ ಆಟದಲ್ಲಿ ಐವತ್ತೆರಡು ಪಾಯಿಂಟ್ ಹಾಕಿದ ಡಾರ್ಲೀನ್, ಗೋಡೆ ಶುರುವಾದ ಮೊದಲನೇ ವರ್ಷವೇ ಮೇಲೆ ಹತ್ತಿದವಳು, ಅಯ್ಯೋ ನಾನಲ್ಲಪ್ಪಾ, ನಾನು ಬರೆಯೋಕೆ ಕೂತ್ರೆ ನನ್ ಬಗ್ಗೆನೇ ಬರೀತಿದ್ದೆ ಕಣೇ, ನಿಂಗ್ಯಾಕೆ ಸುಳ್ಳು ಹೇಳ್ಲಿ, ಅವಳ ಆ ನಗು, ಅದೂ ನಿಜ. ಕೋಚ್ ರೂಸ್ ಸತ್ತು ಹತ್ತೊಂಬತ್ತು ವರ್ಷ, ಬದುಕಿದ್ದಾಗ ಹೊಗಳಿದ್ದು ಒಂದೇ ಸಲ, ಸ್ಯಾಂಡ್ವೋಲ್ಡ್, ಪರವಾಗಿಲ್ಲ, ಆ ಪರವಾಗಿಲ್ಲವನ್ನು ಅವಳು ಬೇಸಿಗೆಯವರೆಗೂ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದಳು.

ಊಟದ ಹಾಲ್‌ನಲ್ಲಿ ಗ್ರೇವಿಯ ವಾಸನೆ, ಪುಡಿ ಕದಡಿದ್ದು, ಹಂದಿಮಾಂಸ ಬೆಂದ ನೀರಿನದಲ್ಲ, ಅಡುಗೆಮನೆಯ ಕಿಂಡಿಯಾಚೆ ಯಾವಳೋ ಹೊಸಬಳು ಸೌಟು ಹಿಡಿದು ನಿಂತಿದ್ದಾಳೆ, ತಳ ಹತ್ತುತ್ತಿದೆ ನೋಡಮ್ಮಾ ಎನ್ನಬೇಕು, ಇಪ್ಪತ್ತಾರು ವರ್ಷ ಆ ಕಿಂಡಿಯ ಆಚೆ ನಿಂತವಳು ತಾನು, ಇವತ್ತು ಈಚೆ, ಕೋಟಿಗೆ ಹೂ ಚುಚ್ಚಿಸಿಕೊಂಡು, ಬಡಿಸಿಕೊಳ್ಳುವವರ ಸಾಲಿನಲ್ಲಿ, ಕೈ ಎಲ್ಲಿಡಬೇಕೋ ತಿಳಿಯುತ್ತಿಲ್ಲ. ಆಚೆ ನಿಂತರೆ ಎಷ್ಟು ಕಾಣುತ್ತಿತ್ತು, ತಟ್ಟೆ ಹಿಡಿದ ರೀತಿಯಿಂದಲೇ ಗೊತ್ತಾಗುತ್ತಿತ್ತು, ಈ ಮಗು ಬೆಳಗ್ಗೆ ಏನೂ ತಿಂದಿಲ್ಲ, ಇದು ಇನ್ನೊಂದು ತುಂಡು ಕೇಳಲು ನಾಚುತ್ತಿದೆ, ಕೇಳುವ ಮೊದಲೇ ಹಾಕಿಬಿಡುತ್ತಿದ್ದಳು, ಮಿಸೆಸ್ ಟ್ವೆಟ್‌ಗೆ ಮಾಟ ಬರುತ್ತೆ ಎನ್ನುತ್ತಿದ್ದರು ಮಕ್ಕಳು, ಮಾಟವೂ ಇಲ್ಲ ಮಣ್ಣೂ ಇಲ್ಲ, ಸುಮ್ಮನೆ ನೋಡುವ ಚಟ. ಡೆರೆಕ್ ಬಂದ, ಈಗ ಶಾಲೆಯ ಕ್ರೀಡೆಗಳಿಗೆಲ್ಲ ಮುಖ್ಯಸ್ಥ, ಟೈ ಕಟ್ಟಿದ್ದಾನೆ, ಬೇಯಿಸಿದ ಕ್ಯಾರೆಟ್ಟನ್ನು ಹಾಲಿನ ಡಬ್ಬಿಯೊಳಗೆ ತುರುಕಿ ಎಸೆಯುತ್ತಿದ್ದ ಡೆರೆಕ್. ಈಗಲಾದ್ರೂ ಹೇಳೋ ಡೆರೆಕ್, ಯಾರು ಬರೆದದ್ದು, ಇಲ್ದಿದ್ರೆ ಕ್ಯಾರೆಟ್ ವಿಷಯ ಮೈಕ್‌ನಲ್ಲಿ ಹೇಳ್ತೀನಿ. ಅಯ್ಯೋ ಮಿಸೆಸ್ ಟ್ವೆಟ್, ಹೇಳಲ್ಲ ಅಂತ ಮಾತು ಕೊಟ್ಬಿಟ್ಟಿದೀನಿ, ಇನ್ನೊಂದರ್ಧ ಗಂಟೆ ತಡ್ಕೊಳಿ, ಅವರೇ ಬಂದಿದಾರೆ. ಬಂದಿದ್ದಾರೆ ಎನ್ನುವಾಗ ಅವನ ಕಣ್ಣು ಹೋಯಿತು, ರೆಪ್ಪೆ ಬಡಿಯುವಷ್ಟೇ ಹೊತ್ತು, ಕಿಟಕಿಯ ಹತ್ತಿರದ ಮೇಜಿಗೆ, ಅಷ್ಟು ಸಾಕು, ಕ್ಯಾರೆಟ್ ಮುಚ್ಚಿಡಲೂ ಬರುತ್ತಿರಲಿಲ್ಲ ಇವನಿಗೆ.

ಕಿಟಕಿಯ ಮೇಜಿನಲ್ಲಿ ಎತ್ತರದ ಹೆಂಗಸು, ಬಿಳಿಕೂದಲು ಗಿಡ್ಡಕ್ಕೆ ಕತ್ತರಿಸಿದೆ, ಕುರ್ಚಿಗೆ ಊರುಗೋಲು ಒರಗಿಸಿದೆ, ನೇರಳೆ ಸ್ವೆಟರ್—ತಮ್ಮೂರು ಬೆಲ್ ಪ್ರೇರಿಯ ಈ ಹಾಲ್‌ನಲ್ಲಿ ನೇರಳೆ ತೊಟ್ಟು ಬರುವ ಧೈರ್ಯ ಯಾರಿಗೆ, ಅದು ಗ್ರಾಂಟ್ ಸೆಂಟರ್‌ನವರ ಬಣ್ಣ, ಎದುರಾಳಿಗಳ ಬಣ್ಣ, ಮುಖ ಗುರುತಾಗಲಿಲ್ಲ, ಹೆಗಲು ಗುರುತಾಯಿತು, ಎಡಹೆಗಲು ಒಂದು ಬೆರಳಷ್ಟು ಕೆಳಗೆ, ಆ ಹೆಗಲಿಗೆ ಮುಖ ಕೊಟ್ಟು ಮೂವತ್ತೆರಡು ನಿಮಿಷ ನಿಂತವಳು ತಾನು, ಮರೆಯುವುದುಂಟೆ, ಲವಾನ್ ಕುಬಿಚೆಕ್. ಎಪ್ಪತ್ತೊಂದರ ಮಾರ್ಚ್, ಜಿಲ್ಲೆಯ ಅಂತಿಮ ಆಟ, ಗೆದ್ದವರು ರಾಜ್ಯದ ಪಂದ್ಯಕ್ಕೆ ಡಿ ಮೊಯ್ನ್‌ಗೆ, ಲವಾನ್ ಆಟಕ್ಕೆ ನಲವತ್ಮೂರು ಪಾಯಿಂಟಿನಂತೆ ಹಾಕುತ್ತ ಬಂದಿದ್ದಳು, ಊರೂರಿನಿಂದ ಜನ ಅವಳನ್ನು ನೋಡಲಿಕ್ಕೆಂದೇ ಬಂದು ಕಿಟಕಿ ಹತ್ತಿ ಕೂತಿದ್ದರು, ಕೋಚ್ ರೂಸ್, ಸ್ಯಾಂಡ್ವೋಲ್ಡ್, ಅವಳನ್ನ ಮೂವತ್ತಕ್ಕೆ ನಿಲ್ಲಿಸು ಸಾಕು, ಉಳಿದದ್ದು ಡಾರ್ಲೀನ್ ನೋಡ್ಕೋತಾಳೆ, ಎಂದಿದ್ದರು, ಮೊದಲ ಎರಡು ಸಲ ಲವಾನ್ ಗಾಳಿಯ ಹಾಗೆ ಪಕ್ಕದಿಂದ ದಾಟಿಹೋದಳು, ಮೂರನೆಯ ಸಲ ಆರ್ಲಿಸ್ ಚೆಂಡನ್ನು ನೋಡುವುದು ಬಿಟ್ಟು ಅವಳ ಮುಖ ನೋಡಿದಳು, ಯಾಕೆ ನೋಡಿದಳೋ, ನೋಡುವ ಚಟ—ಬಾಯಿಯ ಎಡಮೂಲೆಯಲ್ಲಿ ನಾಲಿಗೆಯ ತುದಿ, ಗುಲಾಬಿ ಬಣ್ಣದ ಚೂರು, ಬಟಾಣಿಯಷ್ಟು, ಇಣುಕಿತು, ಲವಾನ್ ಎಡಕ್ಕೆ ತಿರುಗಿದಳು. ಮತ್ತೊಮ್ಮೆ, ಬಾಯಿ ಬಿಗಿ, ಬಲಕ್ಕೆ. ಮತ್ತೆ ನಾಲಿಗೆ, ಎಡಕ್ಕೆ. ಆಮೇಲೆ ಆಟವೇ ಇರಲಿಲ್ಲ, ಅವಳು ಹೋಗುವಲ್ಲಿಗೆ ಇವಳು ಮೊದಲೇ ಹೋಗಿ ನಿಂತಿರುತ್ತಿದ್ದಳು, ಮನೆಗೆ ಬರುವವರಿಗಾಗಿ ಬಾಗಿಲು ತೆರೆದು ನಿಂತ ಹಾಗೆ, ಒಂಬತ್ತೇ ಪಾಯಿಂಟ್, ಲವಾನ್ ಕುಬಿಚೆಕ್‌ಗೆ ಒಂಬತ್ತು. ಆಟ ಮುಗಿದು ಎರಡೂ ತಂಡ ಸಾಲಾಗಿ ಕೈ ಕುಲುಕುವಾಗ ಅವಳ ಕೈ ಒದ್ದೆ, ಅತ್ತು ಕೆಂಪಾದ ಕಣ್ಣು, ಹೇಗೆ, ಎಂದಿದ್ದಳು, ಬರೀ ಒಂದು ಮಾತು, ಹೇಗೆ, ಇವಳು ಚೆನ್ನಾಗಾಡಿದ್ರಿ ಎಂದು ಗೊಣಗಿ ಮುಂದಿನವಳ ಕೈಗೆ ಹೋಗಿದ್ದಳು. ಯಾರಿಗೂ ಹೇಳಲಿಲ್ಲ, ಕೋಚ್‌ಗೂ, ಆರಿನ್‌ಗೂ, ಏನಂತ ಹೇಳುವುದು, ಊರೆಲ್ಲ ಆರ್ಲಿಸ್‌ಳ ಕಾಲು ಮಿಂಚು ಎಂದು ಕೊಂಡಾಡುವಾಗ ಕಾಲಲ್ಲ ಸ್ವಾಮೀ, ಅವಳ ನಾಲಿಗೆ, ಎನ್ನುವುದೇ, ಅದು ಆಟವೇ, ಬೇರೆಯವರ ಚೀಟಿ ಕದ್ದು ಓದಿದ ಹಾಗಲ್ಲವೇ, ಈಗ ಅದಕ್ಕೆ ಹಿತ್ತಾಳೆಯ ಫಲಕ ಬೇರೆ, ಅದನ್ನು ಕೊಡಿಸಲು ಲವಾನ್‌ಳೇ ಬರೆದಳೇ, ಯಾಕೆ ಬರೆದಳು.

ಒಳಾಂಗಣದಲ್ಲಿ ಹುಡುಗಿಯರ ಆಟ ಮುಗಿದಿದೆ, ಹುಡುಗರದು ಶುರುವಾಗುವ ನಡುವೆ ಸನ್ಮಾನ, ಗೆರೆಯ ಆಚೆ ಮಡಿಸುವ ಕುರ್ಚಿಗಳು, ಪಾಪ್‌ಕಾರ್ನ್ ಮತ್ತು ಹೊಸ ಮೆರುಗೆಣ್ಣೆಯ ವಾಸನೆ, ಆರ್ಲಿಸ್ ಕೂತಳೋ ಇಲ್ಲವೋ, ಪಕ್ಕದ ಕುರ್ಚಿಗೆ ಊರುಗೋಲು ಬಂತು, ಹಿಂದೆಯೇ ನೇರಳೆ ಸ್ವೆಟರ್. ಡೆರೆಕ್ ಕಣ್ಣಲ್ಲೇ ಹೇಳ್ಬಿಟ್ಟ ತಾನೇ, ನೋಡ್ತಿದ್ದೆ ನಾನು, ಎಂದಳು ಲವಾನ್, ನಮಸ್ಕಾರವಿಲ್ಲ ಹೇಗಿದ್ದೀ ಇಲ್ಲ, ದನಿ ಮಾತ್ರ ಒರಟಾಗಿದೆ. ನೀವ್ಯಾಕೆ ಬರೆದ್ರಿ ಎಂದಳು ಆರ್ಲಿಸ್, ಇಷ್ಟು ದಿನ ಕೂಡಿಟ್ಟ ಪ್ರಶ್ನೆ ಕೇಳಿದ್ದು ಇಷ್ಟೇ ಸಣ್ಣಗೆ. ನೀವು ಗೀವು ಬಿಡು, ಐವತ್ನಾಲ್ಕು ವರ್ಷ ನಿನ್ನನ್ನ ಮನಸ್ಸಲ್ಲೇ ಬೈದಿದೀನಿ, ಅಷ್ಟು ಸಲಿಗೆ ಇದೆ, ನನ್ ಮೊಮ್ಮಗಳು ಹಳೇ ಪೇಪರ್ ಹುಡುಕಿ ತಂದ್ಲು, ಅಜ್ಜಿ ನಲವತ್ತು ನಲವತ್ತು ಅಂತ ಕೊಚ್ಕೊಳ್ತಿದ್ಯಲ್ಲ, ಇಲ್ಲಿ ಒಂಬತ್ತು ಅಂತಿದೆ ಅಂದ್ಲು, ನಂಗೆ ಬೇಕಿತ್ತಾ, ಯಾವಳೋ ದಾರೀಲಿ ಹೋಗೋಳು ನನ್ನ ಒಂಬತ್ತಕ್ಕೆ ನಿಲ್ಲಿಸಿದ್ಲು ಅಂದ್ರೆ ಮಾನ ಹೋಗತ್ತೆ, ಗೋಡೆ ಮೇಲಿರೋಳು ನಿಲ್ಲಿಸಿದ್ಲು ಅಂದ್ರೆ ಪರವಾಗಿಲ್ಲ, ಅದಕ್ಕೇ ನಿನ್ನ ಗೋಡೆಗೆ ಹತ್ತಿಸ್ದೆ. ಆರ್ಲಿಸ್‌ಗೆ ನಗು ಉಕ್ಕಿತು, ತಡೆಯಲಾಗಲಿಲ್ಲ, ಲವಾನ್ ನಗಲಿಲ್ಲ, ಬಾಗಿದಳು, ಅದೊಂದು ಕಾರಣ, ಇನ್ನೊಂದು, ಹೇಗೆ ಅಂತ ಕೇಳಿದ್ದೆ, ನೀನು ಉತ್ತರ ಕೊಡ್ಲಿಲ್ಲ, ಎಲ್ಲಿಗೆ ಹೋಗ್ತೀನಿ ಅಂತ ನಂಗೇ ಗೊತ್ತಾಗೋ ಮೊದ್ಲು ನೀನಲ್ಲಿ ಇರ್ತಿದ್ದೆ, ಹೇಗೆ. ಹೇಳಬಾರದು, ಇದೊಂದೇ ತನ್ನದು ಎಂದು ಇರುವುದು, ಇದನ್ನು ಕೊಟ್ಟರೆ ಆ ಫಲಕ ಬರೀ ತಗಡು, ಕೊಡದಿದ್ದರೆ—ಆ ಹೆಂಗಸು ಕೋಲೂರಿಕೊಂಡು, ಹಿಮದ ದಾರಿಯಲ್ಲಿ, ಎದುರಾಳಿಗಳ ಹಾಲ್‌ಗೆ, ಐವತ್ನಾಲ್ಕು ವರ್ಷದ ಮೇಲೆ, ಒಂದು ಮಾತಿಗಾಗಿ. ನಾಲಿಗೆ, ಎಂದಳು ಆರ್ಲಿಸ್. ಏನು. ನಿನ್ ನಾಲಿಗೆ, ಎಡಕ್ಕೆ ಹೋಗೋ ಮುಂಚೆ ಬಾಯಿ ಮೂಲೇಲಿ ಹೊರಗೆ ಬರ್ತಿತ್ತು, ತುದಿ ಮಾತ್ರ, ಬಲಕ್ಕೆ ಹೋಗೋವಾಗ ಬರ್ತಿರ್ಲಿಲ್ಲ, ನಾನು ಅಂಥಾ ಆಟಗಾರ್ತಿ ಏನಲ್ಲ ಲವಾನ್, ಅದನ್ನ ನೋಡ್ಕೊಂಡು ನಿಂತೆ, ಅಷ್ಟೇ.

ಸುಳ್ಳು, ಎಂದಳು ಲವಾನ್, ಸುಮ್ಮನೆ ಸುಳ್ಳು, ನಂಗೆ ನಾಲಿಗೆ ಹೊರಗೆ ಬರತ್ತಾ, ನಲವತ್ತೊಂದು ವರ್ಷ ಬಾಳಿದ ಗಂಡ ಯಾವತ್ತೂ ಹೇಳ್ಲಿಲ್ಲ, ನಮ್ಮಮ್ಮ ಹೇಳ್ಲಿಲ್ಲ, ನಮ್ ಕೋಚು ನಾಲ್ಕು ವರ್ಷ ದಿನಾ ನನ್ ಮುಖಾನೇ ನೋಡ್ತಿದ್ರು. ಅವರೆಲ್ಲ ಚೆಂಡು ನೋಡ್ತಿದ್ರು, ಎಂದುಬಿಟ್ಟಳು ಆರ್ಲಿಸ್, ಎಂದ ಮೇಲೆ ತಾನೇ ಆ ಮಾತನ್ನು ಕೇಳಿಸಿಕೊಂಡಳು, ಚೆಂಡು ನೋಡುತ್ತಿದ್ದರು, ಎಲ್ಲರೂ, ಕಿಟಕಿ ಹತ್ತಿ ಕೂತವರೂ, ಡಾರ್ಲೀನ್ ಕೂಡ, ಹಾಗಾದರೆ ತಾನು ಮಾಡಿದ್ದು ಕದಿಯುವುದಲ್ಲವೇ, ಮತ್ತೇನು, ಅದಕ್ಕೊಂದು ಹೆಸರಿದೆಯೇ. ಲವಾನ್ ಕೈ ಬಾಯಿಯ ಹತ್ತಿರ ಹೋಯಿತು, ಎರಡು ಬೆರಳಿಂದ ತುಟಿಯ ಮೂಲೆ ಮುಟ್ಟಿ ನೋಡಿಕೊಂಡಳು, ಯಾರದೋ ತುಟಿ ಮುಟ್ಟಿದ ಹಾಗೆ, ಹೇಳ್ಬಹುದಿತ್ತಲ್ಲೇ, ಅವತ್ತೇ ಒಂದು ಮಾತು, ಮುಂದಿನ್ ವರ್ಷ ಕಾಲೇಜಿನಲ್ಲೂ ಎಲ್ಲಾದ್ರೂ ಆಡ್ಬಹುದು ಅನ್ಸಿತ್ತು ನಂಗೆ, ಆ ಒಂಬತ್ತಾದ ಮೇಲೆ ಚೆಂಡು ಮುಟ್ಲಿಲ್ಲ. ಆರ್ಲಿಸ್ ಇದನ್ನು ಯೋಚಿಸಿಯೇ ಇರಲಿಲ್ಲ, ಬಾಗಿಲು ತಡೆದದ್ದು ಒಂದು ರಾತ್ರಿಗೆ ಎಂದುಕೊಂಡಿದ್ದಳು, ನಂಗೆ ಗೊತ್ತಿರ್ಲಿಲ್ಲ, ಎಂದಳು, ನಿಜವಾಗ್ಲೂ. ಗೊತ್ತಿದ್ರೆ ಹೇಳ್ತಿದ್ಯಾ. ಆರ್ಲಿಸ್ ಯೋಚಿಸಿದಳು, ಸುಳ್ಳು ಹೇಳಲು ಮನಸ್ಸಾಗಲಿಲ್ಲ, ಆಟ ಮುಗಿದ್ಮೇಲೆ ಹೇಳ್ತಿದ್ದೆ. ಈಗ ನಕ್ಕಳು ಲವಾನ್, ಒಡಕು ನಗು, ಕೆಟ್ಟೋಳೇ, ಎಂದು ಊರುಗೋಲಿನಿಂದ ಆರ್ಲಿಸ್‌ಳ ಬೂಟಿಗೆ ಮೆಲ್ಲಗೆ ತಟ್ಟಿದಳು.

ಮೈಕ್‌ನಲ್ಲಿ ಡೆರೆಕ್, ಕುಸ್ತಿಯವನದಾಯಿತು, ಓಟದವಳದಾಯಿತು, ಇನ್ನು ಮುಂದಿನವರನ್ನ ಸೂಚಿಸಿದವರು ನಮ್ಮ ಊರಿನವರೇ ಅಲ್ಲ, ಅವರ ಕಾಗದ ಓದ್ತೀನಿ, ಚಿಕ್ಕದು, ನಾನು ಮೂರು ಸಾವಿರದ ನೂರು ಪಾಯಿಂಟ್ ಹಾಕಿದ್ದೇನೆ, ಬಹುಪಾಲು ಮರೆತಿದ್ದೇನೆ, ಆರ್ಲಿಸ್ ಸ್ಯಾಂಡ್ವೋಲ್ಡ್ ಎದುರು ಹಾಕಿದ ಒಂಬತ್ತರಲ್ಲಿ ಒಂದೊಂದೂ ನೆನಪಿದೆ, ಸಹಿ, ಲವಾನ್ ಕುಬಿಚೆಕ್, ಗ್ರಾಂಟ್ ಸೆಂಟರ್—ಗ್ರಾಂಟ್ ಸೆಂಟರ್ ಎನ್ನುತ್ತಲೇ ಹುಡುಗರು ಅಭ್ಯಾಸಬಲದಿಂದ ಹೋ ಎಂದು ಗೇಲಿ ಮಾಡಿದರು, ಆಮೇಲೆ ತಾವೇ ನಾಚಿ ಚಪ್ಪಾಳೆಗೆ ತಿರುಗಿಸಿದರು, ಆರಿನ್ ಎಲ್ಲರಿಗಿಂತ ತಡವಾಗಿ, ಎಲ್ಲರಿಗಿಂತ ಜೋರಾಗಿ. ಆರ್ಲಿಸ್ ಎದ್ದಳು, ನಾಲ್ಕು ಹೆಜ್ಜೆ, ಐದು, ಮಂಡಿ ಸದ್ದು ಮಾಡಿತು, ಅಂಗಳ ಇಷ್ಟು ಚಿಕ್ಕದಾಗಿತ್ತೇ, ಹಿಂದೆ ಏನೋ ಸರಿದ ಸದ್ದು, ತಿರುಗಿದಳು, ಲವಾನ್ ಕೂಡ ಎದ್ದಿದ್ದಾಳೆ, ಚಪ್ಪಾಳೆಗೆ ಕೂತಿರುವುದು ಸರಿಯಲ್ಲವೆಂದು, ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿ, ಕುರ್ಚಿಗಳ ನಡುವೆ, ಮುಂದೆ ಬರಲು ಜಾಗ ಹುಡುಕುತ್ತ, ಬಲಗಡೆ ಯಾರದೋ ಚೀಲ, ಎಡಗಡೆ ಸಂದು, ಕಣ್ಣು ಆರ್ಲಿಸ್‌ಳ ಮೇಲೇ, ಅಲ್ಲಿ, ಬಾಯಿಯ ಎಡಮೂಲೆಯಲ್ಲಿ, ಅವಳಿಗೇ ತಿಳಿಯದೆ—ಆರ್ಲಿಸ್‌ಳ ಬಲಗಾಲು ತಾನಾಗಿಯೇ ಅರ್ಧ ಹೆಜ್ಜೆ ಸರಿಯಿತು—ಗುಲಾಬಿ, ಬಟಾಣಿಯಷ್ಟು, ನಾಲಿಗೆಯ ತುದಿ.