ಎದೆಯಲ್ಲಿ ನಿಂತ ಸೂಜಿ

ಆಪರೇಷನ್ ಆಗಿ ಇಪ್ಪತ್ತನೇ ದಿನ. ಟೈಲರಮ್ಮ ಕಿಟಕಿ ಪಕ್ಕ ಕುಳಿತು ಮೊಮ್ಮಗಳ ಲಂಗಕ್ಕೆ ಅಂಚು ಹೊಲಿಯುತ್ತಿದ್ದಳು. ಕ್ಯಾನ್ಸರ್ ಬಂದ ಎಡ ಮೊಲೆಯನ್ನು ತೆಗೆದ ಡಾಕ್ಟರು ಅವಳದೇ ಹೊಟ್ಟೆಯ ಮಾಂಸದಿಂದ ಹೊಸದೊಂದನ್ನು ಮಾಡಿ ಕೂರಿಸಿದ್ದರು. ಎಲ್ಲರ ಹೊಲಿಗೆಯಲ್ಲೂ ತಪ್ಪು ಹುಡುಕುವ ಅವಳಿಗೂ ಕೆಲಸ ಅಚ್ಚುಕಟ್ಟೆನಿಸಿತ್ತು. ಆದರೆ ಮುಟ್ಟಿದರೆ ಏನೂ ತಿಳಿಯುತ್ತಿರಲಿಲ್ಲ. ಬೆಚ್ಚಗಿದ್ದರೆ ಸರಿ ಎಂದಿದ್ದರು ಡಾಕ್ಟರು. ಬೆಚ್ಚಗೇನೋ ಇತ್ತು. ಆದರೂ ಯಾರದೋ ಹೆಣದ ತುಂಡನ್ನು ಎದೆಗೆ ಕಟ್ಟಿಕೊಂಡು ಓಡಾಡುತ್ತಿದ್ದೇನೆ ಎಂಬ ಭಯ ಅವಳನ್ನು ಬಿಟ್ಟಿರಲಿಲ್ಲ.

ಕಾಫಿ ತಂದ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು.

"ಲೇ, ಸೂಜಿ ಎಲ್ಲಿ ಚುಚ್ಕೊಂಡಿದೀಯ ನೋಡು!"

ನೂಲು ಕತ್ತರಿಸುವಾಗ ಸೂಜಿಯನ್ನು ಎದೆಯ ಬಟ್ಟೆಗೆ ಸಿಕ್ಕಿಸಿಕೊಳ್ಳುವುದು ಟೈಲರಮ್ಮನ ಮೂವತ್ತು ವರ್ಷದ ಅಭ್ಯಾಸ. ಬಗ್ಗಿ ನೋಡಿದಳು. ಸೂಜಿ ಬಟ್ಟೆ ದಾಟಿ ಅರ್ಧ ಒಳಗಿಳಿದಿತ್ತು. ನೋವೇ ಇಲ್ಲ. ಗಾಬರಿಯಿಂದ ಉಸಿರು ಬಿಗಿಹಿಡಿದಳು. ಆದರೂ ಸೂಜಿ ಸುಮ್ಮನಿರಲಿಲ್ಲ. ಒಂದೇ ಸಮನೆ, ನಾಡಿ ಬಡಿದ ಹಾಗೆ, ಸಣ್ಣಗೆ ತಲೆಯಾಡಿಸುತ್ತಿತ್ತು.

"ಅಯ್ಯೋ, ಅದ್ಯಾಕೆ ಅಲ್ಲಾಡ್ತಿದೆ? ಮೈನ ಸೂಜಿದಿಂಬು ಅಂದ್ಕೊಂಡ್ಯಾ? ಮೊದ್ಲು ಕೀಳೇ!"

"ತಡಿ ಅಕ್ಕ, ನೋಡ್ತೀನಿ."

ಕಿತ್ತಾಗ ರಕ್ತದ ಹನಿಯೊಂದು ಕೆಂಪಗೆ, ನಿಧಾನವಾಗಿ ಮೂಡಿತು.

"ಜೀವ ಇದೆ ಅಕ್ಕ ಇದಕ್ಕೆ," ಎಂದಳು ಟೈಲರಮ್ಮ ಪಿಸುದನಿಯಲ್ಲಿ.

"ನಂಜಾದ್ರೆ ನಿನ್ ಜೀವ ಹೋಗತ್ತೆ!" ಎನ್ನುತ್ತ ಅಕ್ಕ ಆಸ್ಪತ್ರೆಗೆ ಫೋನ್ ಮಾಡಲು ಓಡಿದಳು.

ಟೈಲರಮ್ಮ ಹನಿಯ ಮೇಲೆ ಹತ್ತಿ ಒತ್ತಿದಳು. ಆಗ ಚುರ್ ಎಂದಿತು. ಎದೆಯಲ್ಲಲ್ಲ, ಕೆಳಗೆ ಹೊಟ್ಟೆಯಲ್ಲಿ, ಆ ಮಾಂಸ ಮೊದಲಿದ್ದ ಜಾಗದಲ್ಲಿ.