ರಟ್ಟಿನ ಮೇಲೆ ಯಾವ ಮುಖ

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಈ ಗಾಯಕಿಯ ಮನೆಯ ಹೆಗ್ಗಣಕ್ಕೆ ಆ ಭಾಗ್ಯವೂ ಇರಲಿಲ್ಲ. ಮಗಳು ಹುಟ್ಟಿದ್ದು ಗಾಯಕಿಗೆ ಆಗತಾನೇ ಹೆಸರು ಬರುತ್ತಿದ್ದ ಕಾಲದಲ್ಲಿ. ಹೆಸರು ಬಂದ ಮೇಲೆ ವಯಸ್ಸನ್ನು ಹಿಡಿದು ನಿಲ್ಲಿಸಬೇಕಾಯಿತು, ನಿಲ್ಲಿಸೋಣವೆಂದರೆ ಕಣ್ಣೆದುರಿಗೇ ಉದ್ದುದ್ದ ಬೆಳೆಯುತ್ತಿದ್ದ ಮಗಳು ಅಡ್ಡ. ಮಹಾತಾಯಿ ಅದಕ್ಕೂ ಒಂದು ಉಪಾಯ ಹುಡುಕಿದಳು. ನಾಲ್ಕು ಜನರ ಮುಂದೆ ಮಗಳು 'ನಮ್ಮಕ್ಕನ ಮಗಳು' ಆದಳು. ಮನೆಯೊಳಗೆ ಅಮ್ಮ, ನೀನು. ಹೊಸ್ತಿಲು ದಾಟಿದರೆ ಚಿಕ್ಕಮ್ಮ, ನೀವು. ಗಾಯಕಿಗೆ ಅಕ್ಕ ಅನ್ನುವವಳೇ ಇರಲಿಲ್ಲ ಅನ್ನುವುದು ಬೇರೆ ಮಾತು.

ಒಮ್ಮೆ ಕಛೇರಿ ಮುಗಿದು ಜನ ಸುತ್ತುವರಿದಿದ್ದಾಗ ಆ ಪುಟ್ಟ ಹುಡುಗಿ ನಿದ್ದೆಗಣ್ಣಲ್ಲಿ ಮರೆತು 'ಅಮ್ಮಾ' ಅಂದುಬಿಟ್ಟಳು. ಗಾಯಕಿ ನಗುನಗುತ್ತಲೇ, ಸೆರಗಿನ ಮರೆಯಲ್ಲಿ, ಮಗುವಿನ ತೋಳನ್ನು ರಕ್ತ ಹೆಪ್ಪುಗಟ್ಟುವ ಹಾಗೆ ಚಿವುಟಿದಳು. ತೋಳಿನ ಗುರುತು ಮಾಸಿತು. ಮಗಳು ಈಗ ಕನ್ನಡಕ ಹಾಕುವ ವಯಸ್ಸಿನವಳು, ಆ ಚಿವುಟು ಮಾತ್ರ ಅವಳಿಗೆ ಇನ್ನೂ ಉರಿಯುತ್ತದೆ.

ಮಗಳ ಕಸುಬು ಆಲ್ಬಂಗಳಿಗೆ ಕವರ್ ಮಾಡುವುದು. ಅವಳ ಕೆಲಸದ ಕೋಣೆಯಲ್ಲಿ ಗೋಂದಿನ ವಾಸನೆ, ಉಕ್ಕಿನ ಸ್ಕೇಲು, ಬ್ಲೇಡು, ಗೋಡೆಗೆ ಒರಗಿಸಿದ ದಪ್ಪ ರಟ್ಟಿನ ಹಾಳೆಗಳು. ಕಂಪ್ಯೂಟರಿನಲ್ಲಿ ಎಷ್ಟೇ ಚೆನ್ನಾಗಿ ಕಂಡರೂ ಅವಳು ನಂಬುವವಳಲ್ಲ. ಅಚ್ಚು ಹಾಕಿ, ಕತ್ತರಿಸಿ, ಮಡಚಿ, ಕೈಯಲ್ಲಿ ಹಿಡಿದು ಬಿಚ್ಚಿ ನೋಡಿದ ಮೇಲೇ ಮಾತು. ಹೀಗಿರುವಾಗ ಗಾಯಕಿ ಬಹಳ ವರ್ಷ ಸುಮ್ಮನಿದ್ದು ಹೊಸ ಆಲ್ಬಂ ಹಾಡಿದಳು. ಆಲ್ಬಂ ಕಂಪನಿಯ ಮ್ಯಾನೇಜರನಿಗೆ ಎಲ್ಲರೂ ಇಟ್ಟ ಹೆಸರು ಜಿಗಣೆ, ಹಿಡಿದರೆ ಬಿಡುವ ಜಾತಿಯಲ್ಲ. "ನಿಮ್ಮ ಚಿಕ್ಕಮ್ಮ ತಾನೆ, ನೀವೇ ಕವರ್ ಮಾಡಿ," ಎಂದು ಅವನು ಹಿಡಿದೇ ಹಿಡಿದ. ಮಗಳು ಒಪ್ಪಿದಳು. ಒಪ್ಪಿದ್ದು ಪ್ರೀತಿಯಿಂದ ಅಂತ ಯಾರಾದರೂ ತಿಳಿದರೆ ಅದು ಅವರ ತಪ್ಪು.

ಅವತ್ತು ಸಂಜೆ ಅಮ್ಮನ ಮನೆಗೆ ಹೋಗಿ ನಿಂತುಕೊಂಡೇ ಹೇಳಿದಳು. "ಕವರಿನ ಹಿಂಬದಿಯಲ್ಲಿ ತಬಲಾದವರು, ಕೊಳಲಿನವರು, ಎಲ್ಲರ ಹೆಸರೂ ಬರುತ್ತೆ. ಅಲ್ಲಿ 'ಕವರ್: ಮಗಳು' ಅಂತ ಬರಬೇಕು. ನನ್ನ ಹೆಸರು ಬೇಕಾಗಿಲ್ಲ. ಆ ಒಂದು ಪದ ಬೇಕು."

"ಅಷ್ಟು ಜಾಗ ಇಲ್ಲ," ಎಂದಳು ಗಾಯಕಿ, ಕೂದಲಿಗೆ ಬಣ್ಣ ಹಚ್ಚುತ್ತಾ.

"ಜಾಗ ಎಷ್ಟಿದೆ ಅಂತ ಕವರ್ ಮಾಡೋಳು ನಾನು ಹೇಳ್ತೀನಿ."

"ನನ್ನ ಹೊಟ್ಟೇಲಿ ಹುಟ್ಟಿ ನನಗೇ ಲೆಕ್ಕ ಕಲಿಸ್ತಾಳೆ. ಮುಂದುಗಡೆ ನನ್ನ ಆ ಹಳೇ ಫೋಟೋ ಹಾಕು. ಕೆಂಪು ಸೀರೆದು. ಜನಕ್ಕೆ ಗೊತ್ತಿರೋದು ಆ ಮುಖ."

"ಆ ಮುಖ ಈಗೆಲ್ಲಿದೆ? ಹಾಡಿರೋದು ಈಗಿನ ಗಂಟಲು. ಈಗಿನ ಮುಖ ಹಾಕ್ತೀನಿ."

ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಮಾತಿಗೆ ಮಾತು ಬೆಳೆಯಿತು, ಹಳೆಯದೆಲ್ಲ ಹೊರಬಂತು, ಕೊನೆಗೆ ಪಂದ್ಯಕ್ಕೆ ಬಂದು ನಿಂತಿತು. ಎರಡೂ ಕವರ್ ತಯಾರಾಗಲಿ, ಕೇಳುಗರ ಮುಂದೆ ಇಡೋಣ. ಅವರು ಹಳೇ ಮುಖ ಆರಿಸಿದರೆ ಮಗಳು ಬದುಕಿರುವವರೆಗೂ ಚಿಕ್ಕಮ್ಮ ಅಂದುಕೊಂಡು ಬಾಯಿ ಮುಚ್ಚಿಕೊಂಡಿರಬೇಕು. ಈಗಿನ ಮುಖ ಆರಿಸಿದರೆ ಆ ಒಂದು ಪದ ಅಚ್ಚಾಗಬೇಕು. ಗಾಯಕಿ ಕಡ್ಡಿ ಮುರಿದಂತೆ "ಸರಿ" ಅಂದಳು. ಜನ ತನ್ನನ್ನು ಕೈಬಿಡುತ್ತಾರೆ ಅನ್ನುವ ಯೋಚನೆ ಅವಳಿಗೆ ಕನಸಿನಲ್ಲೂ ಬಂದಿರಲಿಲ್ಲ.

ಮಾರನೇ ದಿನ ಫೋಟೋ. ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ನೆತ್ತಿಯ ನೇರಕ್ಕೆ ಮೇಲೆ ಒಂದೇ ಒಂದು ದೀಪ ಇಟ್ಟಳು. ಪೌಡರ್ ಬೇಡ, ಬಣ್ಣ ಬೇಡ. ಆಮೇಲೆ ಆ ಫೋಟೋವನ್ನು ತೆರೆಯ ಮೇಲೆ ಹರಡಿಕೊಂಡು ಕಣ್ಣಿನ ಕೆಳಗಿನ ಗೆರೆ, ತುಟಿಯ ಸುತ್ತಲಿನ ಗೆರೆ, ಕತ್ತಿನ ಸುಕ್ಕು, ಒಂದೊಂದನ್ನೇ ಇನ್ನಷ್ಟು ಕಪ್ಪು ಮಾಡಿದಳು. ಇದು ಸತ್ಯ, ನಾನು ಸತ್ಯ ತೋರಿಸುತ್ತಿದ್ದೇನೆ ಅಂತ ತನಗೇ ಹೇಳಿಕೊಂಡಳು. ಕೈ ಮಾತ್ರ ಇರುವುದಕ್ಕಿಂತ ಆಳವಾಗಿ ಗೆರೆ ಕೊರೆಯುತ್ತಿತ್ತು. ಕವರ್ ಪುಸ್ತಕದ ಹಾಗೆ ಬಿಚ್ಚಿಕೊಳ್ಳುವಂಥದ್ದು. ಒಳಗೂ ಅದೇ ಮುಖ, ಇನ್ನೂ ದೊಡ್ಡದು.

ಕೇಳುಗರ ಅಭಿಪ್ರಾಯ ಪಡೆಯುವುದಕ್ಕೆ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಮೇಜಿನ ಸುತ್ತ ಏಳೆಂಟು ಜನರನ್ನು ಕೂರಿಸಿ, ಹಾಡು ಕೇಳಿಸಿ, ಕವರ್ ಕೈಗೆ ಕೊಡುವುದು. ಮಾಡಿದವರು ಯಾರು ಅಂತ ಹೇಳುವ ಹಾಗಿಲ್ಲ. ಮಾಡಿದವರು ಪ್ಲೈವುಡ್ ತಡಿಕೆಯ ಹಿಂದೆ ಕೂತು, ಬಾಯಿಗೆ ಬೀಗ ಹಾಕಿಕೊಂಡು ಕೇಳಿಸಿಕೊಳ್ಳಬೇಕು. ಮೂರು ಜನ ಒಂದೇ ತಪ್ಪು ಹೇಳಿದರೆ ಅದನ್ನು ತಿದ್ದಲೇಬೇಕು, ವಾದ ಮಾಡುವಂತಿಲ್ಲ. ಹಾಡಿದವರಂತೂ ಆ ಕಡೆ ಸುಳಿಯಲೇಬಾರದು. ಹಿಂದೊಬ್ಬ ಹಾಡುಗಾರ ತಡಿಕೆ ಒದ್ದು ಹೊರಬಂದು ಕೇಳುಗರ ಕಾಲರ್ ಹಿಡಿದಿದ್ದನಂತೆ.

ಆ ನಿಯಮವನ್ನು ಮಗಳು ಬೇಕೆಂದೇ ಮುರಿದಳು. ಹಿಂದಿನ ಮೆಟ್ಟಿಲಿನಿಂದ ಅಮ್ಮನನ್ನು ಕರೆತಂದು ತಡಿಕೆಯ ಹಿಂದೆ ಕೂರಿಸಿದಳು. "ನಾನು ಬಂದು ಹೇಳಿದ್ರೆ ನಂಬಲ್ಲ ನೀನು. ನಿನ್ನ ಕಿವಿಯಿಂದಲೇ ಕೇಳು."

"ಕೇಳ್ತೀನಿ. ಆಮೇಲೆ ಅಳಬೇಡ," ಎಂದಳು ಗಾಯಕಿ.

ಜಿಗಣೆ ಮೊದಲು ಕೆಂಪು ಸೀರೆಯ ಕವರ್ ಕೊಟ್ಟ. ಒಬ್ಬ ಹುಡುಗ ಕಿಸಕ್ಕನೆ ನಕ್ಕ. "ಇದು ನಮ್ಮಜ್ಜಿ ಮದುವೆ ಆಲ್ಬಮ್ಮಾ?" ಎಂದ. ಇನ್ನೊಬ್ಬರು, "ಧ್ವನಿ ಕೇಳಿದ್ರೆ ಅರವತ್ತು, ಫೋಟೋ ನೋಡಿದ್ರೆ ಮೂವತ್ತು. ಯಾರ ಕಣ್ಣಿಗೆ ಮಣ್ಣೆರಚೋಕೆ ಇದು?" ಎಂದರು. "ಪಾಪ, ವಯಸ್ಸಾಗಿದೆ ಅಂತ ಆಯಮ್ಮಂಗೆ ಯಾರೂ ಹೇಳಿಲ್ಲ ಅನ್ಸುತ್ತೆ," ಎಂದ ಮತ್ತೊಬ್ಬ, ಮೇಜಿನ ಸುತ್ತ ಎಲ್ಲರೂ ನಕ್ಕರು.

ಮಗಳಿಗೆ ಹಾಲು ಕುಡಿದಷ್ಟು ಸಂತೋಷ. ಓರೆಗಣ್ಣಿನಿಂದ ಅಮ್ಮನನ್ನು ನೋಡಿದಳು. ಗಾಯಕಿ ಬೆನ್ನು ನೆಟ್ಟಗೆ ಮಾಡಿಕೊಂಡು ಪ್ಲೈವುಡ್ಡನ್ನೇ ನೋಡುತ್ತಿದ್ದಳು, ತೊಡೆಯ ಮೇಲಿನ ಕೈ ಮಾತ್ರ ಸೆರಗನ್ನು ಹಿಂಡುತ್ತಿತ್ತು. ಹಿಂಡಿಕೋ, ಎಂದುಕೊಂಡಳು ಮಗಳು. ಆ ಬೆರಳುಗಳ ಪರಿಚಯ ಅವಳಿಗೆ ಚೆನ್ನಾಗಿಯೇ ಇತ್ತು.

ಆಮೇಲೆ ಎರಡನೇ ಕವರ್ ಮೇಜಿನ ಮೇಲೆ ಬಂತು. ಯಾರೂ ನಗಲಿಲ್ಲ. ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಬಿಚ್ಚಿದರು, ಮುಚ್ಚಿದರು. ದಪ್ಪ ಗಾಜಿನ ಕನ್ನಡಕದ ಒಬ್ಬ ಹೆಂಗಸು ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದು ಬಾಯಿಬಿಟ್ಟಳು.

"ಇದನ್ನ ಮಾಡಿದೋರು ಯಾರೋ ಏನೋ. ಅವರಿಗೆ ಈಯಮ್ಮನ ಮೇಲೆ ತುಂಬ ಹಗೆ ಇದೆ."

ಜಿಗಣೆ ಅಲ್ಲಿಗೇ ಕಚ್ಚಿಕೊಂಡ. "ಯಾಕೆ ಹಾಗಂತೀರಾ?"

"ವಯಸ್ಸಾಗಿರೋದನ್ನ ತೋರಿಸಲಿ, ಬೇಡ ಅಂದೋರ್ಯಾರು? ಇದು ವಯಸ್ಸಾಗಿದ್ದಕ್ಕೆ ಶಿಕ್ಷೆ ಕೊಟ್ಟ ಹಾಗಿದೆ. ಈ ಗೆರೆಗಳು ನೋಡಿ, ಸಿಟ್ಟಲ್ಲಿ ಗೀಚಿದ ಹಾಗೆ."

"ನಂಗೂ ಅದೇ ಅನಿಸ್ತು," ಎಂದ ಮೊದಲು ನಕ್ಕಿದ್ದ ಹುಡುಗ. "ಹಾಡು ಎಷ್ಟು ಮೆತ್ತಗಿದೆ. ಈ ಮುಖದಿಂದ ಆ ಹಾಡು ಬರಲ್ಲ."

"ಹಗೆ ಹೌದು," ಎಂದರು ಮೂರನೆಯವರು. "ಹೊರಗೆ ಒಂದು ಸಲ ಬೈದು, ಒಳಗೆ ತೆಗೆದ್ರೆ ಮತ್ತೆ ಬೈದಿದ್ದಾರೆ."

ಮೂರು ಜನ ಆಯಿತು. ಮಗಳು ಅಮ್ಮನಿಗೆಂದು ತೋಡಿದ ಗುಂಡಿ, ಬಿದ್ದವಳು ತಾನೇ. ಪಕ್ಕದಲ್ಲಿ ಅಮ್ಮ ಕೂತಿದ್ದಾಳೆ, ಎಲ್ಲ ಕೇಳಿಸಿಕೊಂಡಿದ್ದಾಳೆ, ಎದ್ದು ಹೋಗೋಣವೆಂದರೆ ಕುರ್ಚಿ ಸದ್ದಾಗುತ್ತದೆ. ಕೊನೆಗೆ ಜಿಗಣೆ ಎರಡರಲ್ಲಿ ಒಂದು ಆರಿಸಿ ಅಂದಾಗ ಹೆಚ್ಚು ಕೈ ಎದ್ದದ್ದು ಮಗಳ ಕವರಿಗೇ. "ಹಗೆ ಆದ್ರೂ ನಿಜ. ಇನ್ನೊಂದು ಬರೀ ಸುಳ್ಳು," ಎಂದಳು ಕನ್ನಡಕದ ಹೆಂಗಸು. ಪಂದ್ಯ ಗೆದ್ದ ಮಗಳಿಗೆ ತಲೆ ಎತ್ತಲು ಆಗಲಿಲ್ಲ.

ಗಾಯಕಿ ನೇರ ಮಗಳ ಕೆಲಸದ ಕೋಣೆಗೆ ಬಂದು, ಬ್ಲೇಡು ಸ್ಕೇಲು ಪಕ್ಕಕ್ಕೆ ತಳ್ಳಿ, ಕವರನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ನೋಡುತ್ತಾ ಕೂತಳು.

"ತಿದ್ತೀನಿ," ಎಂದಳು ಮಗಳು. "ಗೆರೆ ತಿಳಿ ಮಾಡ್ತೀನಿ. ಮೂರು ಜನ ಹೇಳಿದ ಮೇಲೆ ತಿದ್ದಲೇಬೇಕು."

"ಒಂದು ಗೆರೆ ಮುಟ್ಟಬೇಡ."

"ಅದು ಪದ್ಧತಿ. ನಿನ್ನ ಮಾತೂ ಕೇಳಲ್ಲ, ನನ್ನ ಮಾತೂ ಕೇಳಲ್ಲ."

"ಅವರು ಹೇಳಿದ್ದೇನು? ಯಾರೋ ಹಗೆಯಿಂದ ಮಾಡಿದ್ದಾರೆ ಅಂತ. ಯಾರು, ಯಾಕೆ ಅನ್ನೋದು ಗೊತ್ತಿಲ್ಲ, ಅದಕ್ಕೆ ಚುಚ್ಚುತ್ತೆ. ಗೊತ್ತು ಮಾಡ್ಸು. ಬರಿ, ಕವರ್: ಮಗಳು." ಗಾಯಕಿ ಬೆರಳಿಂದ ಜಾಗ ತೋರಿಸಿದಳು. "ಹಿಂದೆ ಬೇಡ. ಮುಂದೆ, ಮುಖದ ಕೆಳಗೇ. ದೊಡ್ಡದಾಗಿ."

ಮಗಳು ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಹೆಂಗಸು ಅದು. ಮಗಳು ನಿಂತಲ್ಲೇ ನಿಂತಳು. ಹುಟ್ಟಿದಾಗಿನಿಂದ ಬೇಕು ಬೇಕು ಅಂತ ಹಂಬಲಿಸಿದ ಪದವನ್ನು ಅಮ್ಮ ತಾನಾಗಿ ಕೊಡುತ್ತಿದ್ದಾಳೆ, ಕೊಡುವ ರೀತಿ ಮಾತ್ರ ಕಪಾಳಕ್ಕೆ ಬಾರಿಸುವ ಹಾಗಿದೆ. "ಬೇಡ," ಎಂದಳು ಮೆಲ್ಲಗೆ.

"ಯಾಕೆ ಬೇಡ? ಗೆದ್ದೆಯಲ್ಲ. ಗೆದ್ದಿದ್ದನ್ನ ತಗೊಳ್ಳೋಕೂ ಧೈರ್ಯ ಬೇಕು ಕಣೇ."

ಆ ಮಾತು ಕೇಳಿದ ಮೇಲೆ ಬೇಡ ಅನ್ನುವವಳು ಅವಳ ಮಗಳಾಗಿರಲು ಸಾಧ್ಯವಿಲ್ಲ. ಹಲ್ಲು ಕಚ್ಚಿಕೊಂಡು ಕೂತಳು, ಅಕ್ಷರ ಹಾಕಿದಳು, ಅಚ್ಚು ತೆಗೆದಳು, ರಟ್ಟಿಗೆ ಅಂಟಿಸಿ ಮಡಚಿದಳು. ಗಾಯಕಿ ಅಲ್ಲೇ ಕೂತು ಕೊನೆಯವರೆಗೂ ನೋಡಿದಳು. ಚೆನ್ನಾಗಿದೆ ಅನ್ನಲಿಲ್ಲ.

ಹೊಸ ಕವರ್ ನೋಡಿ ಜಿಗಣೆಯ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಮೇಡಂ, ನಿಮಗೆ ಮಗಳಿದ್ದಾರಾ?"

"ಇದ್ದಾಳೆ," ಎಂದಳು ಗಾಯಕಿ. "ಈ ಮುಖ ನೋಡಿದ್ರೆ ಗೊತ್ತಾಗಲ್ವಾ?"

ಅದೇ ಕೇಳುಗರು, ಅದೇ ಮೇಜು. ಈ ಸಲ ಪದ್ಧತಿ ಬದಿಗಿಟ್ಟು ಗಾಯಕಿಯನ್ನು ತಡಿಕೆಯ ಹಿಂದೆ ಕೂರಿಸಿದ್ದು ಜಿಗಣೆಯೇ, ಅದೂ ಮಗಳ ಪಕ್ಕದಲ್ಲಿ. ಕವರ್ ಕೈಯಿಂದ ಕೈಗೆ ಹೋಯಿತು. ಕನ್ನಡಕದ ಹೆಂಗಸು ಮುಖದ ಕೆಳಗಿನ ಸಾಲನ್ನು ಓದಿದಳು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು.

"ಓ, ಮಗಳು ಮಾಡಿದ್ದಾ. ಹಾಗಾದ್ರೆ ಸರಿ ಬಿಡಿ." ಕವರನ್ನು ಪಕ್ಕದವರಿಗೆ ದಾಟಿಸುತ್ತಾ ಸೇರಿಸಿದಳು. "ಪಾಪ, ಆ ತಾಯಿ. ಇಂಥಾದ್ದನ್ನ ಮಾಡಿದ್ರೂ ಮಗಳು ಅಂತ ಹಾಕ್ಕೊಂಡಿದ್ದಾಳಲ್ಲ."

"ದೊಡ್ಡ ಮನಸ್ಸು," ಎಂದ ಹುಡುಗ.

"ಇನ್ನು ಒಂದು ಗೆರೇನೂ ತಿದ್ದಬೇಡಿ," ಎಂದರು ಮೂರನೆಯವರು. ಉಳಿದವರೂ ತಲೆಯಾಡಿಸಿದರು. ಜಿಗಣೆ ಕವರ್ ಪಾಸು ಅಂತ ಘೋಷಿಸಿದ.

ಎಲ್ಲರೂ ಎದ್ದು ಹೊರಡುವ ಹೊತ್ತಿಗೆ ಗಾಯಕಿ ತಡಿಕೆಯ ಹಿಂದಿನಿಂದ ಹೊರಗೆ ಬಂದಳು. ಕೇಳುಗರು ಗುರುತು ಹಿಡಿದು ಸುತ್ತುವರಿದರು. ಕನ್ನಡಕದ ಹೆಂಗಸು ಅವಳ ಕೈ ಹಿಡಿದುಕೊಂಡು ಬಿಡಲಿಲ್ಲ. ಗಾಯಕಿ ಎಲ್ಲರಿಗೂ ನಕ್ಕಳು, ಕಣ್ಣನ್ನೂ ಒಂದಿಷ್ಟು ಒರೆಸಿಕೊಂಡಳು, ಆಮೇಲೆ ಇಡೀ ಕೋಣೆಗೆ ಕೇಳಿಸುವ ಹಾಗೆ, ಆ ಮೆತ್ತನೆಯ ಗಂಟಲಿನಲ್ಲಿ ಕರೆದಳು.

"ಬಾ ಮಗಳೇ, ಮನೆಗೆ ಹೋಗೋಣ."

ಜನರ ನಡುವೆ ಆ ಪದ ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಎಲ್ಲರೂ ತಿರುಗಿ ನೋಡಿದರು. ತಡಿಕೆಯ ಪಕ್ಕ ನಿಂತಿದ್ದ ಮಗಳ ಕೈ ತಾನಾಗಿ ತೋಳಿನ ಮೇಲೆ ಹೋಯಿತು, ಆ ಹಳೇ ಜಾಗಕ್ಕೆ. ಅವಳೂ ನಕ್ಕಳು, ಅಮ್ಮನ ಹಾಗೆಯೇ.

"ನೀವು ನಡೀರಿ ಚಿಕ್ಕಮ್ಮ," ಎಂದಳು. "ನನಗಿಲ್ಲಿ ಕೆಲಸ ಇದೆ."